ಎಪ್ಪತ್ತೊಂದಕ್ಕೆ ಹದಿನಾಲ್ಕು

ಕಳೆದ ತಿಂಗಳು ಕೆಲಸದ ಮೇಲೆ ಗೌರಿಬಿದನೂರಿನಿಂದ ಚಿಂತಾಮಣಿಗೆ ಹೋಗಿದ್ದೆ. ಬಸ್ಸು ಊರು ಮುಟ್ಟುವುದಕ್ಕೆ ಇನ್ನೂ ಒಂದಷ್ಟು ದೂರವಿರುವಾಗಲೇ ಕಿಟಕಿಯಿಂದ ಆ ವಾಸನೆ ಒಳಗೆ ನುಗ್ಗಿತು. ಟೊಮ್ಯಾಟೊ ಬೆಲೆ ನೆಲ ಕಚ್ಚಿದಾಗ ಮಾರುಕಟ್ಟೆಗೆ ತಂದ ಮಾಲನ್ನು ವಾಪಸ್ ಒಯ್ಯುವವರಿಲ್ಲ. ಊರ ಹೊರಗಿನ ರಸ್ತೆಬದಿಯ ಹಳ್ಳಕ್ಕೆ ಸುರಿದು ಹೋಗುತ್ತಾರೆ. ಅದರ ಮೇಲೊಂದು ಮಳೆ, ಮಳೆಯ ಮೇಲೊಂದು ಬಿಸಿಲು ಬಿದ್ದರೆ ಮುಗಿಯಿತು. ಹುಳಿ ಹೆಂಡದ ಮಡಕೆಯಲ್ಲಿ ಸೊಪ್ಪು ಕೊಳೆಹಾಕಿದಂಥ ನಾತ. ಪಕ್ಕದಲ್ಲಿದ್ದ ಅಜ್ಜಿ ಸೆರಗನ್ನು ಮೂಗಿಗೆ ಒತ್ತಿಕೊಂಡು, "ಥೂ, ಏನ್ ಗಬ್ಬು ಕಣಮ್ಮ" ಎಂದರು. ನಾನು ತಲೆಯಾಡಿಸಿದೆ. ನನ್ನ ಡಿಗ್ರಿಯ ಕೊನೆಯ ವರ್ಷ, ದಸರೆ ಕಳೆದ ಮೇಲಿನ ಆ ಜಿಟಿಜಿಟಿ ಮಳೆಯ ದಿನಗಳು, ಬಿಳಿ ಜರ್ಸಿ ತೊಟ್ಟ ನಮ್ಮ ಹುಡುಗರು, ಅವರಿಗಾಗಿ ಗಂಟಲು ಹರಿದುಕೊಂಡ ನಾವು, ಎಲ್ಲ ಆ ಗಾಳಿಯ ಜೊತೆಗೇ ಬಂದು ಮುಂದೆ ನಿಂತಂತಾಯಿತು.

ನಮ್ಮ ಕಡೆ ಹುಡುಗರಿಗೆ ಕ್ರಿಕೆಟ್ ಬಿಟ್ಟರೆ ಬೇರೆ ಆಟವೇ ಇಲ್ಲ. ಆದರೆ ನಮ್ಮ ಕಾಲೇಜಿನ ಹಿಂದೆ ಒಂದು ಸಿಮೆಂಟಿನ ಬ್ಯಾಸ್ಕೆಟ್‌ಬಾಲ್ ಕೋರ್ಟು ಇತ್ತು. ಹಿಂದೆ ಯಾರೋ ಆಟದ ಹುಚ್ಚಿನ ಮೇಷ್ಟ್ರು ಹಟ ಹಿಡಿದು ಮಾಡಿಸಿದ್ದರಂತೆ. ನಾನು ಎರಡನೇ ವರ್ಷದಲ್ಲಿದ್ದಾಗ ನಮ್ಮ ತಂಡ ಅಂತರ ಕಾಲೇಜು ಪಂದ್ಯಗಳಲ್ಲಿ ಸೆಮಿಫೈನಲ್ ತನಕ ಹೋಗಿಬಿಟ್ಟಿತು. ಅಲ್ಲಿಂದ ಶುರುವಾಯಿತು ಹುಚ್ಚು. ಸಂಜೆ ನಾಲ್ಕಾದರೆ ಕೋರ್ಟಿನ ಸುತ್ತ ಜನ. ನಾವು ಹುಡುಗಿಯರು ಬಸ್ಸು ತಪ್ಪಿಸಿಕೊಂಡು ನೋಡುತ್ತಿದ್ದೆವು. ಕಡಲೆಕಾಯಿಯವನು ಬಸ್‌ಸ್ಟ್ಯಾಂಡಿನ ಜಾಗ ಬಿಟ್ಟು ಕಾಲೇಜಿನ ಗೇಟಿಗೆ ಬಂದ. ಊರಿನವರೂ ಬರತೊಡಗಿದರು. ಅವರಲ್ಲಿ ಮುಖ್ಯ ಶೀನಣ್ಣ. ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿ, ಬಸ್‌ಸ್ಟ್ಯಾಂಡಿನ ಪಕ್ಕ ಮೊಬೈಲ್ ರಿಪೇರಿ ಅಂಗಡಿ. ಪ್ರಾಕ್ಟೀಸ್ ಇದ್ದ ದಿನ ಅಂಗಡಿಯ ಷಟರ್ ಅರ್ಧಕ್ಕೆ ಎಳೆದು ಬಂದುಬಿಡುತ್ತಿದ್ದ. ಹುಡುಗರಿಗೆ ನೀರಿನ ಕ್ಯಾನು ತಂದಿಡುವವನೂ ಅವನೇ.

ನಮ್ಮ ಕೂಗಿಗೆ ನಾಯಕಿ ನನ್ನ ಗೆಳತಿ ಆಯಿಷಾ. ಅವಳ ಅಬ್ಬಾ ಮಾರುಕಟ್ಟೆಯಲ್ಲಿ ತರಕಾರಿ ಮಂಡಿ ಇಟ್ಟುಕೊಂಡಿದ್ದರು. ಹರಾಜು ಕೂಗುವ ಗಂಟಲು ಮಗಳಿಗೂ ಬಂದಿತ್ತು. ಚಿಂತಾಮಣಿಯಲ್ಲಿ ಒಂದು ಭಾಷೆಯಲ್ಲಿ ಕೂಗಿದರೆ ಅರ್ಧ ಜನಕ್ಕೆ ಸಮಾಧಾನವಿಲ್ಲ ಎಂದು ಮೂರರಲ್ಲೂ ಸೇರಿಸಿ ಒಂದು ಕೂಗು ಕಟ್ಟಿದ್ದಳು. "ಹಾಕು ಹಾಕು! ವೆಯ್ ರಾ ವೆಯ್! ಡಾಲೋ ಡಾಲೋ!" ಕನ್ನಡ, ತೆಲುಗು, ಉರ್ದು, ಮೂರರಲ್ಲೂ ಚೆಂಡನ್ನು ರಿಂಗಿಗೆ ಹಾಕು ಎಂಬುದಷ್ಟೇ ಮಾತು.

ತಂಡದ ಕ್ಯಾಪ್ಟನ್ ಮಂಜಣ್ಣ ನನ್ನ ಸ್ವಂತ ದೊಡ್ಡಪ್ಪನ ಮಗ, ಡಿಗ್ರಿ ಮುಗಿಸಿ ಅದೇ ಕಾಲೇಜಿನಲ್ಲಿ ಎಂ.ಎ.ಗೆ ಸೇರಿದ್ದ. ಚಿಂತಾಮಣಿಗೆ ಹತ್ತಿರದ ನಮ್ಮ ಹಳ್ಳಿಯಲ್ಲಿ ಎರಡು ಮನೆಗೂ ನಡುವೆ ಒಂದೇ ಗೋಡೆ. ಪ್ರೈಮರಿ ಶಾಲೆಗೆ ನನ್ನನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದವನು ಅವನು. ಆರಡಿ ಎತ್ತರ, ತೆಳ್ಳನೆಯ ಮೀಸೆ, ಯಾವ ಆಟಕ್ಕೆ ಇಳಿದರೂ ಮೈ ಬಳುಕುವ ರೀತಿಯೇ ಚೆಂದ. ಟೆನಿಸ್ ಬಾಲ್ ಕ್ರಿಕೆಟ್ಟಿನಲ್ಲಿ ಸಿಕ್ಸರ್ ಹೊಡೆಯುವುದಕ್ಕೆ ಸುತ್ತಲ ಹಳ್ಳಿಗಳಿಂದ ಅವನಿಗೆ ಕರೆ ಬರುತ್ತಿತ್ತು. ಕಾಲೇಜಿನಲ್ಲಿ ನನಗೆ ಸುಮಾ ಎಂಬ ಹೆಸರಿಗಿಂತ 'ಮಂಜಣ್ಣನ ತಂಗಿ' ಎಂಬುದೇ ಹೆಸರಾಗಿತ್ತು. ನನಗೆ ಅದರಲ್ಲಿ ಹೆಮ್ಮೆಯಿತ್ತು.

ಇನ್ನೊಬ್ಬ ಗೌತಮ್. ನನ್ನ ತರಗತಿಯವನೇ. ವಿದುರಾಶ್ವತ್ಥದ ಹತ್ತಿರದ ಹಳ್ಳಿ. ಅಪ್ಪ ಪ್ರೈಮರಿ ಶಾಲೆಯ ಮೇಷ್ಟ್ರು, ಅಮ್ಮ ಕುಡುಮಲಕುಂಟೆಯ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಅವನು ಚಿಂತಾಮಣಿಯ ಹಾಸ್ಟೆಲಿನಲ್ಲಿದ್ದ. ಬುದ್ಧ ಪೂರ್ಣಿಮೆ ಮುಗಿಸಿಕೊಂಡು ಬಂದ ದಿನ ಅವರಮ್ಮ ಮಾಡಿದ ಕಜ್ಜಾಯವನ್ನು ತರಗತಿಗೆಲ್ಲ ಹಂಚಿದ್ದ. ಆಗ ಇಬ್ಬರು ಮೂವರು ಹೊಟ್ಟೆ ಸರಿಯಿಲ್ಲ ಎಂದು ಹೇಳಿ ಡಬ್ಬಿಯನ್ನು ಮುಂದಕ್ಕೆ ದಾಟಿಸಿದ್ದನ್ನು ನೋಡಿದ್ದೆ. ಅವನೂ ನೋಡಿದ್ದ. ಆಟಕ್ಕೆ ತಕ್ಕ ಎತ್ತರ ಅವನಿಗಿರಲಿಲ್ಲ. ಬೆಳಿಗ್ಗೆ ನಾವು ಸ್ಪೆಷಲ್ ಕ್ಲಾಸಿಗೆ ಬರುವ ಹೊತ್ತಿಗೆ ಕೋರ್ಟಿನಲ್ಲಿ ಒಬ್ಬನೇ ಓಡಾಡಿ ಬೆವರಿ ಮುಗಿಸಿರುತ್ತಿದ್ದ. ಮಾತು ಕಡಿಮೆ. ತಂಡದಲ್ಲಿ ಉಳಿದವರು ಅವನನ್ನು ಚೆಂಡು ತಂದುಕೊಡುವ ಆಳಿನ ಥರ ನಡೆಸಿಕೊಳ್ಳುತ್ತಿದ್ದರು. ಅವನು ತಂದುಕೊಟ್ಟ ಚೆಂಡನ್ನು ಮಂಜಣ್ಣ ರಿಂಗಿಗೆ ಹಾಕುತ್ತಿದ್ದ, ನಾವು ಮಂಜಣ್ಣನ ಹೆಸರು ಕೂಗುತ್ತಿದ್ದೆವು.

ನಾನು ಕೊನೆಯ ವರ್ಷದಲ್ಲಿದ್ದಾಗ, ದಸರಾ ರಜೆ ಮುಗಿಯುವ ಹೊತ್ತಿಗೆ ನಮ್ಮವರು ಫೈನಲ್ ತಲುಪಿದರು. ಊರಿನ ಮುಖ್ಯ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಎದ್ದಿತು. 'ಚಿಂತಾಮಣಿ ಹುಲಿಗಳಿಗೆ ಶುಭವಾಗಲಿ' ಎಂಬ ಸಾಲಿನ ಕೆಳಗೆ ಮಂಜಣ್ಣನ ದೊಡ್ಡ ಫೋಟೊ, ಅದಕ್ಕಿಂತ ದೊಡ್ಡದಾಗಿ ನಮ್ಮ ಭಾಗದ ಒಬ್ಬ ಮುಖಂಡರ ಫೋಟೊ. ಗೌತಮ್‌ನ ಮುಖ ಮೂಲೆಯಲ್ಲಿ, ಅದೂ ಅರ್ಧ. ನಮ್ಮ ಪಿ.ಇ. ಸರ್ ಆ ವಾರವೆಲ್ಲ ಫ್ಲೆಕ್ಸಿನ ಮುಂದೆ ನಿಂತು ಬಂದವರ ಜೊತೆ ಫೋಟೊ ತೆಗೆಸಿಕೊಂಡರು. ಹುಡುಗರು ಸ್ಲೋ ಮೋಷನ್ನಿನಲ್ಲಿ ನಡೆದು ಬರುವ ರೀಲ್ಸ್ ಮಾಡಿದರು. ಪ್ರಾಕ್ಟೀಸ್ ಯಾವಾಗ ಮಾಡಿದರೋ ನಾನಂತೂ ನೋಡಲಿಲ್ಲ. ಮಳೆ ಬೇರೆ ಹಿಡಿದಿತ್ತು. ಕೋರ್ಟಿನಲ್ಲಿ ನಿಂತ ನೀರನ್ನು ಗೌತಮ್ ಬಿದಿರು ಪೊರಕೆಯಿಂದ ತಳ್ಳುತ್ತಿದ್ದದ್ದು ಮಾತ್ರ ನೆನಪಿದೆ.

ಫೈನಲ್ ಇದ್ದದ್ದು ಚಿಕ್ಕಬಳ್ಳಾಪುರದಲ್ಲಿ. ಎದುರಾಳಿ ಬೆಂಗಳೂರಿನ ಕಡೆಯ ಒಂದು ಕಾಲೇಜು. ನಾವು ಎರಡು ಬಸ್ಸು ತುಂಬಿಕೊಂಡು ಹೊರಟೆವು. ತಂಡಕ್ಕೆ ಬೇರೆ ಟೆಂಪೊ ಟ್ರಾವೆಲರ್. ಆಯಿಷಾ ಕೆನ್ನೆಗೆ ಬಣ್ಣ ಬಳಿದುಕೊಂಡಿದ್ದಳು, ದುಪಟ್ಟಾದ ತುದಿಗೆ ಪೀಪಿ ಕಟ್ಟಿಕೊಂಡಿದ್ದಳು. ಶೀನಣ್ಣ ಅವತ್ತು ಅಂಗಡಿಯ ಷಟರನ್ನು ಪೂರ್ತಿ ಎಳೆದೇ ಬಂದಿದ್ದ. ಶಿಡ್ಲಘಟ್ಟದಲ್ಲಿ ಟೀಗೆ ನಿಲ್ಲಿಸಿದಾಗ ರೇಷ್ಮೆಗೂಡು ಬೇಯಿಸುವ ವಾಸನೆಗೆ ಎಲ್ಲರೂ ಮೂಗು ಹಿಡಿದುಕೊಂಡರೆ ಅವನು, "ಇವತ್ತು ಕಪ್ ತರೋ ದಿನ, ಯಾವ ವಾಸನೇನಾದ್ರೂ ಬರ್ಲಿ ಬಿಡ್ರಮ್ಮ" ಎಂದು ನಕ್ಕ.

ಟೆಂಪೊ ತಡವಾಗಿ ಬಂತು. ಹುಡುಗರು ಒಬ್ಬೊಬ್ಬರಾಗಿ ಇಳಿದರು. ಮಂಜಣ್ಣನ ಕಣ್ಣು ಕೆಂಪಗಿತ್ತು. ಬಾಯಿ ಕೈಯಿಂದ ಮುಚ್ಚಿಕೊಂಡು ಆಕಳಿಸುತ್ತಿದ್ದ.

"ಯಾಕಣ್ಣ, ರಾತ್ರಿ ನಿದ್ದೆ ಮಾಡ್ಲಿಲ್ವಾ?"

"ಟೆನ್ಷನ್ ಕಣೇ" ಎಂದ.

ಪಾಪ ಎನ್ನಿಸಿತು ನನಗೆ.

ಆಟ ಶುರುವಾಯಿತು. ಮೊದಲ ಕೆಲವು ನಿಮಿಷ ಎದುರಿನವರು ಚೆಂಡು ಹಾಕಿದಾಗಲೆಲ್ಲ, ಇರಲಿ, ಇನ್ನೂ ಟೈಮಿದೆ ಎಂದುಕೊಂಡೆವು. ಆಮೇಲೆ ಅವರು ಹಾಕುತ್ತಲೇ ಹೋದರು. ನಮ್ಮವರು ಓಡಲೇ ಇಲ್ಲ. ಸೋಲುವವರನ್ನು ನಾನು ನೋಡಿದ್ದೇನೆ. ಎಡವುತ್ತಾರೆ, ತಡಬಡಾಯಿಸುತ್ತಾರೆ, ಅಳುತ್ತಾರೆ. ಇವರು ತೋಟದಲ್ಲಿ ಬೇಸಾಯ ನೋಡಲು ಬಂದ ಯಜಮಾನರ ಹಾಗೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಡೆದರು. ಎದುರಿನವನು ಪಕ್ಕದಲ್ಲೇ ನುಸುಳಿಕೊಂಡು ಹೋದರೆ ತಿರುಗಿ ನೋಡುವಷ್ಟೂ ಆಸಕ್ತಿಯಿಲ್ಲ. ಗೌತಮ್ ಒಬ್ಬ ಈ ತುದಿಯಿಂದ ಆ ತುದಿಗೆ ಓಡುತ್ತಿದ್ದ. ಚೆಂಡು ಕಿತ್ತುಕೊಂಡು ಹೋಗಿ ಪಾಸ್ ಕೊಡಲು ನೋಡಿದರೆ ಜೊತೆಗೆ ಬಂದವರಿಲ್ಲ. ಸರಿ, ತಾನೇ ಎಸೆಯುತ್ತಿದ್ದ. ಮೂರು ಮೂರು ಜನ ಕೈ ಎತ್ತಿ ಅಡ್ಡ ನಿಂತರೆ ಆ ಕುಳ್ಳ ಹುಡುಗ ಏನು ಮಾಡಿಯಾನು? ರಿಂಗಿಗೆ ತಾಗಿ ಹೊರಗೆ, ಬೋರ್ಡಿಗೆ ತಾಗಿ ಹೊರಗೆ, ಎಲ್ಲೋ ಒಂದು ಒಳಗೆ. ಮತ್ತೆ ಓಡುತ್ತಿದ್ದ.

ನಮ್ಮ ಕಡೆಯ ಕೂಗು ಬದಲಾಗುತ್ತಾ ಹೋಯಿತು. ಮೊದಲು ಹುರಿದುಂಬಿಸಿದೆವು. ಆಮೇಲೆ ಎಲ್ಲರೂ ಕೋಚ್‌ಗಳಾಗಿ ಬುದ್ಧಿ ಹೇಳಿದೆವು. ಅದೂ ಆದ ಮೇಲೆ ಬೈಗುಳ. "ಊಟ ಹಾಕಿಲ್ವೇನ್ರೋ ಮನೇಲಿ?" "ನಡವಂಡ್ರಾ, ನಡವಂಡಿ, ಪೆಳ್ಳಿ ಊರೇಗಿಂಪು!" ಎಂದು ಹಿಂದಿನಿಂದ ಯಾರೋ ತೆಲುಗಿನಲ್ಲಿ ಮದುವೆ ಮೆರವಣಿಗೆಗೆ ಹೋಲಿಸಿ ಹಂಗಿಸಿದರು. ಆಯಿಷಾಳ ಮೂರು ಭಾಷೆಯ ಕೂಗಿಗೆ ಕೊನೆಕೊನೆಗೆ ದನಿಗೂಡಿಸುವವರೇ ಇರಲಿಲ್ಲ. ಮೂರನೇ ಕ್ವಾರ್ಟರಿನಲ್ಲಿ ಮಂಜಣ್ಣ ತೊಡೆ ಹಿಡಿದುಕೊಂಡು, ಕ್ರ್ಯಾಂಪ್ ಎಂದು ಸನ್ನೆ ಮಾಡಿ ಹೊರಗೆ ಹೋಗಿ ಕೂತ. ಕೂತವನು ಪಕ್ಕದವನ ಕಿವಿಯಲ್ಲಿ ಏನೋ ಹೇಳಿದ. ಇಬ್ಬರೂ ನಕ್ಕರು. ಹಲ್ಲು ಕಾಣುವ ಹಾಗೆ ನಕ್ಕರು. ನಮ್ಮ ಎರಡು ಬಸ್ಸಿನ ಜನವೂ ಅದನ್ನು ನೋಡಿತು.

ಶೀನಣ್ಣ ನನ್ನ ಕಡೆ ತಿರುಗಿ, "ಸೋಲೋದಕ್ಕೂ ಒಂದು ಮರ್ಯಾದೆ ಬೇಡ್ವೇನಮ್ಮ?" ಎಂದ. ಕ್ಯಾಪ್ಟನ್ನಿನ ತಂಗಿಗೆ ಉತ್ತರ ಗೊತ್ತಿರಬೇಕೆಂಬಂತೆ ಕಾದ. ನಾನು ಸ್ಕೋರ್‌ಬೋರ್ಡಿನ ಕಡೆ ಮುಖ ಮಾಡಿದೆ.

ಎದುರು ಕಾಲೇಜಿನವರು ಚೆಂಡು ಬಿದ್ದಾಗಲೆಲ್ಲ ಕುಣಿಯುತ್ತಿದ್ದವರು ಕೊನೆಗೆ ಕುಣಿಯುವುದನ್ನೂ ಬಿಟ್ಟರು. ಆಮೇಲೆ ಗೌತಮ್ ಚೆಂಡು ಹಿಡಿದಾಗ ಅವರೇ ಚಪ್ಪಾಳೆ ತಟ್ಟತೊಡಗಿದರು. ಬೈಗುಳಕ್ಕಿಂತ ಆ ಕರುಣೆ ನಮ್ಮವರ ಹೊಟ್ಟೆ ಉರಿಸಿತು. ಎಪ್ಪತ್ತೊಂದಕ್ಕೆ ಹದಿನಾಲ್ಕು. ಆ ಹದಿನಾಲ್ಕರಲ್ಲಿ ಹನ್ನೆರಡು ಗೌತಮ್‌ನದು. ಪಂದ್ಯ ಮುಗಿದ ಮೇಲೆ ಗೆದ್ದವರ ಕೋಚ್ ಬಂದು ಅವನ ಹೆಗಲ ಮೇಲೆ ಕೈಯಿಟ್ಟು ಏನೋ ಮಾತಾಡಿದರು. ನಮ್ಮ ಪಿ.ಇ. ಸರ್ ಫೋನಿನಲ್ಲಿದ್ದರು.

ವಾಪಸ್ ಬರುವ ಬಸ್ಸಿನಲ್ಲಿ ಕಿತ್ತಾಟ. ಕಾಲೇಜಿನ ಟೈ ಕಟ್ಟಿಕೊಂಡು ಬಂದಿದ್ದ ಒಬ್ಬ ಹುಡುಗ ಅದನ್ನು ಕಿತ್ತು ಕಿಟಕಿಯಿಂದ ಎಸೆದ. ಇನ್ನೊಬ್ಬ ಇನ್ನು ಕಾಲೇಜಿನ ಹೆಸರು ಹೇಳುವುದಿಲ್ಲ ಎಂದು ಆಣೆ ಮಾಡಿದ. ಇವರಿಗೋಸ್ಕರ ಗಂಟಲು ಹರಿದುಕೊಂಡೆವಲ್ಲ, ನಮ್ಮ ಚಪ್ಪಲಿಯಲ್ಲಿ ನಾವೇ ಹೊಡೆದುಕೊಳ್ಳಬೇಕು ಎಂದರು. ಆಯಿಷಾ ದುಪಟ್ಟಾದ ತುದಿಗೆ ಎಂಜಲು ಹಚ್ಚಿ ಕೆನ್ನೆಯ ಬಣ್ಣ ತಿಕ್ಕುತ್ತಾ ಕೂತಿದ್ದಳು. ಬಣ್ಣ ಹೋಗದೆ ಕೆನ್ನೆಯೇ ಕೆಂಪಾಯಿತು. ಶಿಡ್ಲಘಟ್ಟ ದಾಟಿದ ಮೇಲೆ ಅವಳು ಫೋನನ್ನು ನನ್ನ ಮಡಿಲಿಗೆ ಹಾಕಿ, "ಇದು ನೋಡೇ" ಎಂದಳು.

ಗೌರಿಬಿದನೂರಿನ ಕಡೆಯ ಯಾರದೋ ವಾಟ್ಸಾಪ್ ಸ್ಟೇಟಸ್ ಅವಳ ಚಿಕ್ಕಪ್ಪನ ಮಗನ ಮೂಲಕ ಬಂದಿತ್ತು. ಹಿಂದಿನ ರಾತ್ರಿ ಹೊನಲು ಬೆಳಕಿನ ಕ್ರಿಕೆಟ್ ಟೂರ್ನಮೆಂಟು, ಫ್ಲೆಕ್ಸಿನಲ್ಲಿದ್ದ ಅದೇ ಮುಖಂಡರು ನಡೆಸಿದ್ದು. ವಿಡಿಯೊದಲ್ಲಿ ಆಗಲೇ ಬೆಳಕು ಹರಿಯುತ್ತಿತ್ತು. ಮಂಜಣ್ಣ ಮಂಡಿಯುದ್ದದ ಟ್ರೋಫಿಯನ್ನು ತಲೆಯ ಮೇಲೆತ್ತಿ ಕುಣಿಯುತ್ತಿದ್ದ. ಅವನ ಸುತ್ತ ನಮ್ಮ ತಂಡದ ಇನ್ನೂ ಮೂವರು. ಪಿ.ಇ. ಸರ್ ಕೂಡ ಹಿಂದೆ ನಿಂತು ಚಪ್ಪಾಳೆ ತಟ್ಟುತ್ತಿದ್ದರು.

ಟೆನ್ಷನ್ ಕಣೇ ಅಂದಿದ್ದ. ನಾನು ವಿಡಿಯೊವನ್ನು ಮೊದಲಿನಿಂದ ಮತ್ತೊಮ್ಮೆ ನೋಡಿದೆ.

ಚಿಂತಾಮಣಿ ಹತ್ತಿರವಾದಾಗ ಬಸ್ಸು ತಟ್ಟನೆ ನಿಂತಿತು. ನಮಗಿಂತ ಮುಂಚೆ ಹೊರಟಿದ್ದ ಟೆಂಪೊ ಟ್ರಾವೆಲರ್ ಪಂಕ್ಚರ್ ಆಗಿ ರಸ್ತೆ ಬದಿಗೆ ನಿಂತಿತ್ತು. ನಿಂತ ಜಾಗ ನೋಡಿ: ಟೊಮ್ಯಾಟೊ ಸುರಿಯುವ ಹಳ್ಳದ ಪಕ್ಕವೇ. ಮಳೆ ನಿಂತು ಸಂಜೆಬಿಸಿಲು ಬಂದಿತ್ತು. ಹಳ್ಳದ ತುಂಬ ಕೆಂಪು ರೊಚ್ಚೆ, ಅದರ ಮೇಲೆ ನೊಣದ ಮೋಡ. ನಮ್ಮ ಎರಡೂ ಬಸ್ಸಿನ ಹುಡುಗರು ಯಾರೂ ಹೇಳದೆಯೇ ಇಳಿದರು. "ದಿಗಂಡ್ರಾ ಕಿಂದಿಕಿ, ಇಳೀರೋ ಹುಲಿಗಳಾ!" ಎಂದು ಟೆಂಪೊದ ಬಾಗಿಲು ಬಡಿದರು. ಮೊದಲ ಹಣ್ಣು ಎಸೆದವನು ಶೀನಣ್ಣ. ವರ್ಷವೆಲ್ಲ ನೀರಿನ ಕ್ಯಾನು ಹೊತ್ತ ಕೈ ಅದು. ಹಣ್ಣು ಗಾಜಿಗೆ ಬಡಿದು ಪಚಕ್ಕೆಂದು ಒಡೆದು ಬೀಜ ಇಳಿಯಿತು. ಆಮೇಲೆ ಹಣ್ಣಿನ ಮಳೆ.

ಮಂಜಣ್ಣ ಬಾಗಿಲು ತೆಗೆದು ಇಳಿದ. ಎರಡೂ ಕೈ ಮೇಲೆತ್ತಿದ. "ತಡೀರೋ, ತಡೀರೋ ಒಂದ್ನಿಮಿಷ. ನಮಗೇನು ಸೋಲೋ ಆಸೆ ಇತ್ತೇನ್ರೋ? ಒಬ್ಬನೇ ಎಲ್ಲಾ ಬಾಲು ತಾನೇ ಹಾಕ್ತೀನಿ ಅಂತ ನಿಂತ್ರೆ ಟೀಮ್ ಏನ್ ಮಾಡ್ಬೇಕು? ಒಂದು ಪಾಸ್ ಕೊಟ್ನಾ ನೋಡಿದ್ರಲ್ಲ?" ಎಂದು ಟೆಂಪೊದ ಕಿಟಕಿಯತ್ತ ಬೆರಳು ತೋರಿಸಿದ.

ಕಿಟಕಿಯಲ್ಲಿ ಗೌತಮ್ ಕೂತಿದ್ದ.

ನಾನು ಬಸ್ಸಿನ ಮೆಟ್ಟಿಲ ಮೇಲಿದ್ದೆ. ಹೌದಲ್ಲವಾ ಎಂಬ ಸದ್ದು ಗುಂಪಿನಲ್ಲಿ ಹಬ್ಬಿದ್ದನ್ನು ನನ್ನ ಕಿವಿಯಾರೆ ಕೇಳಿದೆ. ಹೌದು, ಅವನೇ ಎಸೆದಿದ್ದು. ಹೌದು, ಅವನದೇ ತಪ್ಪಿದ್ದು. ಆಡದೆ ನಿಂತವರ ತಪ್ಪು ಯಾರ ಕಣ್ಣಿಗೂ ಉಳಿದಿರಲಿಲ್ಲ. ಆಡಿದವನ ತಪ್ಪುಗಳನ್ನೆಲ್ಲ ಎಲ್ಲರೂ ನೋಡಿದ್ದರು. ಅವನ ತೋಳು ಹಿಡಿದು ಕೆಳಗಿಳಿಸಿದರು. ಬಿಳಿ ಜರ್ಸಿಯ ಎದೆಗೆ, ಬೆನ್ನಿಗೆ, ಮುಖಕ್ಕೆ. ಹಿಡಿದರೆ ಕೈಯಲ್ಲೇ ಕರಗುವಂಥ ಕೊಳೆತ ಹಣ್ಣು. ಅವನು ಕೈ ಅಡ್ಡ ಹಿಡಿಯಲೂ ಇಲ್ಲ. "ಇಂಥೋರ್ನ ಕೋಟಾದಲ್ಲಿ ಟೀಮಿಗೆ ಸೇರಿಸ್ಕೊಂಡ್ರೆ ಇನ್ನೇನಾಗುತ್ತೆ" ಎಂದು ಒಬ್ಬ ಹೇಳಿದ. ಬ್ಯಾಸ್ಕೆಟ್‌ಬಾಲಿಗೆ ಎಲ್ಲಿಯ ಕೋಟಾ? ಆದರೂ ನಾಲ್ಕು ಜನ ನಕ್ಕರು. ಪಿ.ಇ. ಸರ್ ಟೆಂಪೊದ ಮುಂದಿನ ಸೀಟಿನಲ್ಲಿ ಗಾಜು ಏರಿಸಿಕೊಂಡು ಕೂತೇ ಇದ್ದರು.

ಆಯಿಷಾ ನನಗಿಂತ ಮುಂಚೆ ಇಳಿದಿದ್ದಳು. "ಶರಮ್ ಇಲ್ವೇನ್ರೋ ನಿಮಗೆ!" ಎಂದು ಮಂಡಿಯ ಹರಾಜಿನ ಗಂಟಲಿನಲ್ಲಿ ಕಿರುಚಿದಳು. ನಾನು ನೇರವಾಗಿ ಮಂಜಣ್ಣನ ಮುಂದೆ ಹೋಗಿ ನಿಂತೆ. ನನ್ನ ಕೈಯಲ್ಲಿ ಅವಳ ಫೋನಿತ್ತು.

"ಅಣ್ಣ, ನಿನ್ನೆ ರಾತ್ರಿ ಎಲ್ಲಿದ್ದೆ?"

"ಸುಮಾ, ಬಸ್ ಹತ್ತು."

"ಎಲ್ಲಿದ್ದೆ ಹೇಳು."

"ಬಸ್ ಹತ್ತು ಅಂದ್ನಲ್ಲ. ಇದು ಹೆಣ್ಮಕ್ಕಳು ಮಾತಾಡೋ ಜಾಗ ಅಲ್ಲ."

ನಾನು ಸೌಂಡ್ ಪೂರ್ತಿ ಮಾಡಿ ವಿಡಿಯೊ ಹಾಕಿ ಫೋನನ್ನು ಮೇಲೆತ್ತಿದೆ. ಡೋಲು, ಪಟಾಕಿ, ಅವನ ಹೆಸರಿನ ಜೈಕಾರ. ಹತ್ತಿರವಿದ್ದವರು ಇಣುಕಿದರು. ಶೀನಣ್ಣ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಎರಡು ಸಲ ನೋಡಿದ. "ಬೆಳಗಾಗೋ ತನಕ ಕ್ರಿಕೆಟ್ ಆಡ್ಕೊಂಡು ಬಂದು, ನಮ್ಮನ್ನ ಇಲ್ಲಿ ಮಂಗ ಮಾಡಿದ್ಯೇನೋ?" ಎಂದ.

ಈಗ ಹುಡುಗರು ಗೌತಮ್‌ನ ಕಡೆ ತಿರುಗಿ ಒಂದು ಮಾತು ಹೇಳುತ್ತಾರೆ ಎಂದು ನಾನು ನಂಬಿದ್ದೆ. ಯಾರೂ ತಿರುಗಲಿಲ್ಲ. ಅದೇ ಹಳ್ಳಕ್ಕೆ ಬಗ್ಗಿದರು, ಅದೇ ಹಣ್ಣು ಬಾಚಿಕೊಂಡರು, ಅದೇ ಕೇಕೆ ಹಾಕಿಕೊಂಡು ಮಂಜಣ್ಣನ ಮೇಲೆ ಸುರಿದರು. ಮುಖದಲ್ಲಿ ಅದೇ ಹಿಗ್ಗು. ಒಬ್ಬ ವಿಡಿಯೊ ಮಾಡುತ್ತಾ, "ಅಣ್ಣಾ, ಈ ಕಡೆ ತಿರುಗು" ಎನ್ನುತ್ತಿದ್ದ. ನ್ಯಾಯ ಸಿಕ್ಕಿತು ಎಂದು ನನಗೆ ಅನ್ನಿಸಬೇಕಿತ್ತೇನೋ. ನಾನು ರಸ್ತೆಯ ಆಚೆ ಬದಿಗೆ ಹೋಗಿ ವಾಂತಿ ಮಾಡಿಕೊಂಡೆ.

ಗೌತಮ್ ಟೆಂಪೊ ಹತ್ತಲಿಲ್ಲ. ಬ್ಯಾಗು ಹೆಗಲಿಗೆ ಹಾಕಿಕೊಂಡು ಊರ ಕಡೆ ನಡೆಯತೊಡಗಿದ. ನಾನೂ ಆಯಿಷಾಳೂ ಹಿಂದೆ ಹೋದೆವು. ಸ್ವಲ್ಪ ದೂರದ ಒಂದು ಗ್ಯಾರೇಜಿನಲ್ಲಿ ಆಯಿಷಾ ನೀರಿನ ಪೈಪು ಕೇಳಿದಳು. ಅವನು ತಲೆ ಬಗ್ಗಿಸಿ ತೊಳೆದುಕೊಂಡ. ಕಿವಿಯೊಳಗೆಲ್ಲ ಬೀಜ.

"ಕಂಪ್ಲೇಂಟ್ ಕೊಡಣ ಕಣೋ, ನಾವಿಬ್ರೂ ಬಂದು ಹೇಳ್ತೀವಿ" ಎಂದಳು ಆಯಿಷಾ.

ಅವನು ಅಂಗಿಯ ತುದಿ ಹಿಂಡುತ್ತಾ, "ನಾನು ಪಾಸ್ ಕೊಡಕ್ಕೆ ನೋಡ್ದೆ" ಎಂದ. "ನೀವು ನೋಡಿದ್ರಿ ತಾನೆ? ನೋಡಿದ್ರಿ ತಾನೆ?"

ನೋಡಿದ್ವಿ ಎಂದೆವು. ಅವನಿಗೆ ಬೇಕಿದ್ದದ್ದು ಅಷ್ಟೇ ಎಂಬಂತೆ ಮತ್ತೆ ನಲ್ಲಿಗೆ ತಲೆಯೊಡ್ಡಿದ.

ನಾನು ಮನೆ ತಲುಪುವ ಮೊದಲೇ ಹಳ್ಳದ ಪಕ್ಕ ತೆಗೆದ ವಿಡಿಯೊ ತಲುಪಿತ್ತು. ದೊಡ್ಡಪ್ಪ ನಮ್ಮ ಜಗಲಿಯ ಮೇಲೆ ನಿಂತಿದ್ದರು. "ಹೊರಗಿನೋನಿಗೋಸ್ಕರ ಮನೆ ಮಗನ್ನ ಬೀದೀಲಿ ನಿಲ್ಲಿಸಿದ್ಯಲ್ಲಮ್ಮ. ಅದೂ ಎಂಥೋನಿಗೋಸ್ಕರ!" ಎಂದರು. ಆ ಕೊನೆಯ ಮಾತಿನಲ್ಲಿ ಅವರು ಹೇಳದೆ ಬಿಟ್ಟದ್ದೆಲ್ಲ ನಮಗೆ ಕೇಳಿಸಿತು. ಅಮ್ಮ ಅಳುತ್ತಿದ್ದಳು. ನನ್ನಪ್ಪ ಊರ ಹಾಲಿನ ಡೇರಿ ನೋಡಿಕೊಳ್ಳುವವರು, ಅಣ್ಣನ ಮುಂದೆ ಎಂದೂ ದನಿಯೆತ್ತದವರು. ದೊಡ್ಡಪ್ಪ ಹೋದ ಮೇಲೆ, "ನೀನು ಬಸ್ಸಲ್ಲೇ ಕೂತಿರ್ಬೇಕಿತ್ತು" ಎಂದಷ್ಟೇ ಹೇಳಿ ಡೇರಿಗೆ ಎದ್ದು ಹೋದರು. ನಡುವಿನ ಗೋಡೆಯಲ್ಲಿದ್ದ ಬಾಗಿಲಿಗೆ ಆಚೆಯಿಂದ ಚಿಲಕ ಬಿತ್ತು.

ಆ ವಾರ ಪ್ರಿನ್ಸಿಪಾಲರು ನನ್ನನ್ನೂ ಆಯಿಷಾಳನ್ನೂ ಕರೆಸಿದರು. ನಾವು ರಸ್ತೆಯಲ್ಲಿ ಗಲಾಟೆ ಎಬ್ಬಿಸಿದೆವಂತೆ. ಅವರ ಎದುರಿನ ಕುರ್ಚಿಯಲ್ಲಿ ಒಬ್ಬ ಹೆಂಗಸು ಕೂತಿದ್ದರು. ಕೊರಳಲ್ಲಿ ಫ್ಯಾಕ್ಟರಿಯ ಗುರುತಿನ ಚೀಟಿ. ಗೌತಮ್‌ನ ಅಮ್ಮ. ಶಿಫ್ಟ್ ಮುಗಿಸಿ ಹಾಗೆಯೇ ಬಂದಿದ್ದರು.

"ಹುಡುಗರು ಅಂದ್ಮೇಲೆ ಇವೆಲ್ಲ ಇದ್ದದ್ದೇ ಅಮ್ಮ. ಮರೆತುಬಿಡಿ. ಕಾಲೇಜಿನ ಹೆಸರು ಹಾಳಾಗುತ್ತೆ" ಎಂದರು ಪ್ರಿನ್ಸಿಪಾಲರು. "ಬೇಕಾದ್ರೆ ನಿಮ್ಮ ಹುಡುಗನಿಗೆ ಬೇರೆ ಕಾಲೇಜಿಗೆ ಹೋಗೋಕೆ ನಾನೇ ಅನುಕೂಲ ಮಾಡ್ಕೊಡ್ತೀನಿ."

ಆಕೆ ಚೀಲದಿಂದ ಮಡಿಚಿದ ಜರ್ಸಿ ತೆಗೆದು ಮೇಜಿನ ಮೇಲೆ ಬಿಡಿಸಿ ಹಾಸಿದರು. ಒಗೆದು ಇಸ್ತ್ರಿ ಮಾಡಿದ್ದರು. ಎದೆಯ ಮೇಲಿನ ಕಾಲೇಜಿನ ಹೆಸರಿನ ಸುತ್ತ ಹಳದಿ-ಕಂದು ಕಲೆ ಹಾಗೇ ಇತ್ತು.

"ಮೂರು ಸಲ ಒಗ್ದೆ ಸಾರ್. ನಾನು ಬಟ್ಟೆ ಕೆಲಸದೋಳೇ. ಹೋಗ್ಲಿಲ್ಲ. ಇದು ನಿಮ್ಮ ಅಂಗಿ, ನೀವೇ ಇಟ್ಕೊಳ್ಳಿ" ಎಂದರು. "ನನ್ನ ಮಗ ಎಲ್ಲಿಗೂ ಹೋಗಲ್ಲ. ಇಲ್ಲೇ ಓದ್ತಾನೆ. ಹೋಗ್ಬೇಕಾದೋರು ಅವನಲ್ಲ."

ಎದ್ದು ಹೊರಡುವಾಗ ನಮ್ಮಿಬ್ಬರ ಮುಂದೆ ಒಂದು ಗಳಿಗೆ ನಿಂತರು. "ನೀವೇ ಏನಮ್ಮ ನೀರು ಕೊಡಿಸಿದ್ದು?" ಎಂದು ಕೇಳಿ ಆಯಿಷಾಳ ಗಲ್ಲ ಮುಟ್ಟಿದರು. ನನ್ನದನ್ನೂ ಮುಟ್ಟಿದರು. ನಾನು ಯಾರ ತಂಗಿ ಎಂದು ಅವರಿಗೆ ಗೊತ್ತಿತ್ತೋ ಇಲ್ಲವೋ.

ಯಾರೂ ಎಲ್ಲಿಗೂ ಹೋಗಲಿಲ್ಲ. ಗಲಾಟೆಯಾಯಿತು ಎಂಬ ನೆಪ ಹೇಳಿ ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡವನ್ನೇ ನಿಲ್ಲಿಸಿತು. ಕೋರ್ಟಿನಲ್ಲಿ ಮೇಷ್ಟ್ರುಗಳ ಬೈಕುಗಳು ನಿಂತವು. ವಾರ್ಷಿಕೋತ್ಸವಕ್ಕೆ ಫ್ಲೆಕ್ಸಿನ ಮುಖಂಡರೇ ಮುಖ್ಯ ಅತಿಥಿ. ಅವರ ಕೈಯಿಂದ ಮಂಜಣ್ಣನಿಗೆ ವರ್ಷದ ಉತ್ತಮ ಕ್ರೀಡಾಪಟು ಎಂಬ ಫಲಕ. ಕ್ರಿಕೆಟ್ಟಿನ ಸಾಧನೆಗಾಗಿ ಎಂದು ಪಿ.ಇ. ಸರ್ ಮೈಕಿನಲ್ಲಿ ಓದಿದರು. ಹಳ್ಳದ ಪಕ್ಕ ಅವನ ಮೇಲೆ ಹಣ್ಣು ಸುರಿದ ಹುಡುಗರೇ ಎದ್ದು ನಿಂತು ಶಿಳ್ಳೆ ಹೊಡೆದರು. ನನ್ನ ಹಿಂದಿನ ಸಾಲಿನಲ್ಲಿ ಶೀನಣ್ಣನೂ ಇದ್ದ. "ಏನ್ ಮಾಡೋದಮ್ಮ, ನಮ್ಮೂರ ಹುಡುಗ ಅಲ್ವಾ" ಎಂದು ನಾಚಿಕೆಯ ನಗೆ ನಕ್ಕು ಅವನೂ ಚಪ್ಪಾಳೆ ತಟ್ಟಿದ. ಆಮೇಲೆ ನಾನು ಯಾವ ಆಟಕ್ಕೂ, ಯಾವ ತಂಡಕ್ಕೂ ಕೂಗಿಲ್ಲ. ಗುಂಪು ಒಂದೇ ದನಿಯಲ್ಲಿ ಯಾರದಾದರೂ ಹೆಸರು ಹೇಳತೊಡಗಿದರೆ ಈಗಲೂ ಎದ್ದು ಹೊರಗೆ ಹೋಗುತ್ತೇನೆ.

ಗೌತಮ್ ಪ್ರತಿ ಭಾನುವಾರ ಬಸ್ಸು ಹತ್ತಿ ಚಿಕ್ಕಬಳ್ಳಾಪುರಕ್ಕೆ ಹೋಗುತ್ತಿದ್ದ. ನಮ್ಮನ್ನು ಸೋಲಿಸಿದ ತಂಡದ ಕೋಚ್ ತಮ್ಮ ಹಳೆಯ ಶಿಷ್ಯನೊಬ್ಬ ಅಲ್ಲಿ ಮಕ್ಕಳಿಗೆ ಆಟ ಹೇಳಿಕೊಡುತ್ತಿದ್ದಾನೆ, ಹೋಗು ಎಂದಿದ್ದರಂತೆ. ಕಾಲೇಜಿನಲ್ಲಿ ಆಟದ ಮಾತನ್ನೇ ಆಡುತ್ತಿರಲಿಲ್ಲ. ನನ್ನ ಜೊತೆ, ಆಯಿಷಾಳ ಜೊತೆ ಊಟದ ಡಬ್ಬಿ ಬಿಚ್ಚಿ ಕೂರುತ್ತಿದ್ದ. ಈಗ ಗೌರಿಬಿದನೂರಿನ ಹತ್ತಿರ ಒಂದು ಫ್ಯಾಕ್ಟರಿಯ ಅಕೌಂಟ್ಸ್ ವಿಭಾಗದಲ್ಲಿದ್ದಾನೆ. ಸಿಕ್ಕಾಗ ಮಾತಾಡಿಸುತ್ತಾನೆ. ಭಾನುವಾರ ಮಾತ್ರ ಫೋನು ಎತ್ತುವುದಿಲ್ಲ, ಕೋರ್ಟಿನಲ್ಲಿರುತ್ತಾನೆ.

ನಮ್ಮ ಎರಡು ಮನೆಗಳ ನಡುವೆ ಮಾತು ನಿಂತು ವರ್ಷ ತುಂಬುತ್ತಾ ಬಂದಾಗ ಗೌರಿಹಬ್ಬ ಬಂತು. ನಮ್ಮಲ್ಲಿ ಅಣ್ಣತಮ್ಮಂದಿರು ಮನೆಯ ಹೆಣ್ಣುಮಕ್ಕಳಿಗೆ ಸೀರೆಯೋ ಬಳೆಯೋ ಕೊಡುವ ದಿನ. ಬೆಳಿಗ್ಗೆ ಪೂಜೆ ಮುಗಿಯುವ ಹೊತ್ತಿಗೆ ನಡುಬಾಗಿಲ ಚಿಲಕ ಸದ್ದಾಯಿತು. ಮಂಜಣ್ಣ ತಟ್ಟೆ ಹಿಡಿದು ಒಳಗೆ ಬಂದ. ಹಸಿರು ಬಳೆ, ಹೂವು, ಒಂದು ರೇಷ್ಮೆ ಸೀರೆ. ಅಮ್ಮನ ಮುಖ ಅರಳಿತು. "ಬಾಪ್ಪ, ಬಾ ಕೂತ್ಕೋ" ಎಂದು ಮಣೆ ಹಾಕಿದಳು.

ಅವನು ಕೂರದೆ ತಟ್ಟೆಯನ್ನು ನನ್ನ ಕಡೆ ಚಾಚಿದ. "ಆಗಿದ್ದು ಆಯ್ತು ಕಣೇ ಸುಮಾ. ಸಾರಿ. ಆವತ್ತು ನಾನು ಹಂಗೆ ಮಾತಾಡ್ಬಾರ್ದಿತ್ತು."

ನನ್ನ ಕಣ್ಣು ತುಂಬಿತು. ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು ಅವನ ಸೊಂಟ ಹಿಡಿದುಕೊಂಡಿದ್ದವಳು ನಾನು. ಕೈ ಮುಂದೆ ಹೋಗುವುದರಲ್ಲಿತ್ತು.

"ಗೌತಮ್‌ಗೆ ಹೇಳಿದ್ಯಾ ಅಣ್ಣ?"

ಅವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಅವನಿಗ್ಯಾಕೆ?" ಎಂದ.

ಕೇಳಿದ ರೀತಿಯಲ್ಲಿ ಕೆಟ್ಟತನವೇನೂ ಇರಲಿಲ್ಲ. ಅಂಥದ್ದೊಂದು ಪ್ರಶ್ನೆ ಇರಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ. ನಾನು ಕೈಯನ್ನು ಹಿಂದಕ್ಕೆ ಎಳೆದುಕೊಂಡೆ.

"ನನಗೆ ಬೇಡ ಅಣ್ಣ."

"ಹಬ್ಬದ ದಿನ ಬೇಡ ಅನ್ಬಾರ್ದು ಕಣೇ!" ಎಂದು ಅಮ್ಮ ಗಾಬರಿಯಾದಳು. "ತಗೋ, ಗೌರಿ ನೋಡ್ತಿದ್ದಾಳೆ. ಬರೀ ಬಳೆನಾದ್ರೂ ತಗೋ."

ಮಂಜಣ್ಣ ತಟ್ಟೆ ಹಿಡಿದೇ ನಿಂತಿದ್ದ. ಆಚೆ ಮನೆಯ ಬಾಗಿಲಲ್ಲಿ ದೊಡ್ಡಪ್ಪನ ನೆರಳು ಕಾಣುತ್ತಿತ್ತು. ಆಗ ಅಪ್ಪ ದೇವರ ಮುಂದಿನಿಂದ ಎದ್ದು ಬಂದರು. ಇಡೀ ವರ್ಷ ಆ ವಿಷಯದಲ್ಲಿ ತುಟಿ ಬಿಚ್ಚದಿದ್ದವರು.

"ಅವಳು ಬೇಡ ಅಂದ್ಲಲ್ಲ ಮಂಜು" ಎಂದರು, ಡೇರಿಯಲ್ಲಿ ನೀರು ಬೆರೆತ ಹಾಲನ್ನು ವಾಪಸ್ ಕಳಿಸುವಾಗಿನ ಅದೇ ಮೆಲ್ಲನೆಯ ದನಿಯಲ್ಲಿ. "ಎತ್ಕೊಂಡು ಹೋಗಪ್ಪ."

ಮಂಜಣ್ಣ ಹೋದ. ಈ ಸಲ ನಡುಬಾಗಿಲಿಗೆ ನಮ್ಮ ಕಡೆಯಿಂದ ಚಿಲಕ ಹಾಕಿದವರು ಅಪ್ಪ. ಹಾಕಿ, ಅಲ್ಲೇ ಸ್ವಲ್ಪ ಹೊತ್ತು ಕದಕ್ಕೆ ಕೈಯಿಟ್ಟು ನಿಂತರು. ಒಡಹುಟ್ಟಿದ ಅಣ್ಣನ ಮನೆಯ ಬಾಗಿಲು ಅದು. ಆಮೇಲೆ ನನ್ನ ಕಡೆ ತಿರುಗಿದರು.

"ಕೈ ತೊಳ್ಕೊಂಡು ಬಾರಮ್ಮ" ಎಂದರು. "ಊಟ ಮಾಡಣ."